ಚುಕ್ಕಿ ಇಲ್ಲದ ಪುಸ್ತಕ

ನಮ್ಮವರಿಗೆ ಹೊಟ್ಟೆಕಿಚ್ಚು ಎಂದು ಯಾರಾದರೂ ಅಂದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಹೊಟ್ಟೆಕಿಚ್ಚು ಇರಲಿಲ್ಲ ಎಂದಲ್ಲ, ಬೇಕಾದಷ್ಟಿತ್ತು. ಆದರೆ ಅದನ್ನು ಹೇಳುವ ಹಕ್ಕು ನನ್ನೊಬ್ಬಳದು. ಇಷ್ಟು ವರ್ಷ ಅದರ ಪಕ್ಕದಲ್ಲೇ ಕುಳಿತು ಉಂಡವಳು ನಾನು. ಆ ಕಿಚ್ಚು ಆರುವಂತೆ ಕಂಡಾಗಲೆಲ್ಲ ಒಂದೆರಡು ಸೌದೆ ಒಟ್ಟಿದವಳೂ ನಾನೇ. ಅದಕ್ಕೆ ನನಗೆ ನಾಚಿಕೆಯೇನೂ ಇಲ್ಲ, ನನ್ನ ಗಂಡನ ಪರ ನಾನಲ್ಲದೆ ಇನ್ಯಾರು ಉರಿಯಬೇಕು?

ಇವರ ಹೆಸರು ಸದೀದ್, ಮರ್ಯಾದೆಗೆ ಎಲ್ಲರೂ ಖ್ವಾಜಾ ಎನ್ನುತ್ತಾರೆ. ಯಜ್ದ್ ಪಟ್ಟಣದ ದೊರೆ ಅತಾಬೇಗರ ಕಚೇರಿಯಲ್ಲಿ ಹಿರಿಯ ಲಿಪಿಕಾರರು. ಇವರ ಅಕ್ಷರ ಸುಮಾರು, ಆದರೆ ಕಂಠ ಊರಿಗೇ ಹೆಸರುವಾಸಿ. ನಮ್ಮ ದೊರೆಗಳು ತುರ್ಕರು. ಕುದುರೆ ಏರಲು ಬರುತ್ತದೆ, ನಮ್ಮ ಮಾತು ಕೇಳಿದರೆ ತಿಳಿಯುತ್ತದೆ, ಓದಲು ಮಾತ್ರ ಬರುವುದಿಲ್ಲ. ಪತ್ರವಾಗಲಿ ಪುಸ್ತಕವಾಗಲಿ ಸಭೆಯಲ್ಲಿ ಎದ್ದು ನಿಂತು ಓದಿ ಹೇಳುವ ಕೆಲಸ ಇವರದು.

ಇವರೂ ಒಂದು ಪುಸ್ತಕ ಬರೆದಿದ್ದರು. ದೊರೆಗೆ ಹಿತ ಹೇಳುವ ಪುಸ್ತಕ. ದೊರೆ ಹೇಗೆ ಏಳಬೇಕು, ಹೇಗೆ ಉಣ್ಣಬೇಕು, ಯಾರನ್ನು ಮಂತ್ರಿ ಮಾಡಿಕೊಳ್ಳಬೇಕು, ರಾಯಭಾರಿಯ ಮುಂದೆ ಎಷ್ಟು ನಗಬೇಕು, ಆನೆಯನ್ನು ಉಡುಗೊರೆ ಕೊಟ್ಟರೆ ಏನು ಮಾಡಬೇಕು, ಎಲ್ಲ ಇತ್ತು ಅದರಲ್ಲಿ. ನಮ್ಮ ಸೀಮೆಗೆ ಯಾರೂ ಆನೆ ಕಳಿಸಿದ್ದನ್ನು ನಾನು ಕಂಡಿಲ್ಲ. ಆದರೂ ಆ ಅಧ್ಯಾಯ ಬರೆಯಲು ಇವರಿಗೆ ಎರಡು ಚಳಿಗಾಲ ಹಿಡಿಯಿತು. ಪುಸ್ತಕ ಮುಗಿದಾಗ ಅದನ್ನು ಎತ್ತಲು ನಾನು ಸೊಂಟಕ್ಕೆ ಸೆರಗು ಬಿಗಿಯಬೇಕಾಯಿತು.

ಈ ಪುಸ್ತಕ ಹಾಳಾದದ್ದು ಚುಕ್ಕಿಯಿಂದ. ನಮ್ಮ ಲಿಪಿಯ ಹಣೆಬರಹ ಗೊತ್ತಿಲ್ಲದವರು ಕೇಳಿಸಿಕೊಳ್ಳಿ. ನಮ್ಮಲ್ಲಿ ನಾಲ್ಕಾರು ಅಕ್ಷರಗಳಿಗೆ ಒಂದೇ ಮೈ. ಮೇಲೆ ಒಂದು ಚುಕ್ಕಿ ಇಟ್ಟರೆ ಒಂದು ಅಕ್ಷರ, ಕೆಳಗಿಟ್ಟರೆ ಇನ್ನೊಂದು, ಇಡದಿದ್ದರೆ ಮತ್ತೊಂದು. ಕಲಿಯುವ ಮಕ್ಕಳಿಗೆ ಚುಕ್ಕಿ ಬೇಕು, ಕಲಿತವರು ಚುಕ್ಕಿ ಇಲ್ಲದೆಯೇ ಓದುತ್ತಾರೆ. ಆದ್ದರಿಂದ ಕಚೇರಿಯಲ್ಲಿ ಹಿಂದಿನಿಂದ ಬಂದ ಕಟ್ಟಳೆಯೊಂದಿದೆ. ದೊಡ್ಡವರಿಗೆ ಬರೆಯುವಾಗ ಚುಕ್ಕಿ ಇಡುವಂತಿಲ್ಲ. ಇಟ್ಟರೆ ನಿಮಗೆ ಓದಲು ಬರುವುದಿಲ್ಲ ಎಂದು ಮುಖಕ್ಕೇ ಹೇಳಿದ ಹಾಗೆ. ನಮ್ಮವರು ಒಳ್ಳೆಯದಾಗಲಿ ಎಂದು, ಮುಂದೆ ಯಾರೂ ತಪ್ಪು ಓದದಿರಲಿ ಎಂದು, ಅಷ್ಟು ದಪ್ಪ ಪುಸ್ತಕದ ಒಂದೊಂದು ಅಕ್ಷರಕ್ಕೂ ಚುಕ್ಕಿ ಇಟ್ಟುಬಿಟ್ಟರು. ಆಗಿನ ಮುದಿ ವಜೀರ ಮೊದಲ ಹಾಳೆ ತೆರೆದು ನೋಡಿ, "ನಮಗೇ ಅಕ್ಷರ ತಿದ್ದಿಸೋಕೆ ಬಂದಿದಾನಾ ಇವನು?" ಎಂದನಂತೆ. ಪುಸ್ತಕ ಖಜಾನೆಯ ಪೆಟ್ಟಿಗೆ ಸೇರಿ ಬೀಗ ಹಾಕಿಸಿಕೊಂಡಿತು. ಹಳೆಯ ದೊರೆ ಸತ್ತು ಮಗ ಪಟ್ಟಕ್ಕೆ ಬಂದರೂ ಆ ಬೀಗ ತೆಗೆದವರಿಲ್ಲ.

ಆ ವರ್ಷ ಫಿರ್ಯಾದಿ ಕಚೇರಿಯ ಯಜಮಾನರು ತೀರಿಕೊಂಡರು. ಊರುಗಳಿಂದ ಬರುವ ದೂರುಗಳನ್ನೆಲ್ಲ ಕೇಳಿ ದೊರೆಗೆ ಮುಟ್ಟಿಸುವ ಗಾದಿ ಅದು. ನಮ್ಮವರು ಕಣ್ಣಿಟ್ಟಿದ್ದೂ ಅದರ ಮೇಲೇ. ಹರೆಯದ ಅತಾಬೇಗರು ತುಂಬಿದ ಸಭೆಯಲ್ಲಿ, "ರಾಜ್ಯ ಸರಿ ಮಾಡೋಕೆ ಒಳ್ಳೇ ಮಾತು ಹೇಳೋ ಪುಸ್ತಕ ಯಾರ ಹತ್ರ ಇದೆ? ಕೇಳಿ ನನಗೆ ಹಿಡಿಸಿದ್ರೆ ಆ ಗಾದಿ ಅವನದೇ" ಎಂದರು. ಆ ಸಂಜೆ ಇವರು ಮನೆಗೆ ಬಂದವರೇ ಹೊಸ ರುಮಾಲಿಗೆ ಗಂಜಿ ಹಾಕಲು ಹೇಳಿದರು. ಖಜಾನೆಯ ಪೆಟ್ಟಿಗೆ ನಾಳೆಯೋ ನಾಡಿದ್ದೋ ತೆರೆಯುತ್ತದೆ ಎಂದು ನಾವಿಬ್ಬರೂ ನಂಬಿದ್ದೆವು.

ಕೆಲವು ದಿನ ಕಳೆದು ಒಂದು ಬೆಳಿಗ್ಗೆ ತೆರೆದದ್ದು ಪೆಟ್ಟಿಗೆಯಲ್ಲ, ನಮ್ಮ ಮನೆಯ ಬಾಗಿಲು. ಬುಂದಾರ್ ಬಂದಿದ್ದ.

ಬುಂದಾರ್ ರೇಷ್ಮೆ ನೇಯುವವರ ಮಗ. ಲೇಖನಿ ಕೆತ್ತುವುದನ್ನು ಕಲಿತದ್ದೇ ನಮ್ಮ ಜಗಲಿಯ ಮೇಲೆ, ನಮ್ಮವರ ಕೈಕೆಳಗೆ. ಈಗ ಅದೇ ಕಚೇರಿಯಲ್ಲಿ ಇವರಿಗಿಂತ ಒಂದೇ ಮೆಟ್ಟಿಲು ಕೆಳಗೆ. ಅವನನ್ನು ದ್ವೇಷಿಸುವುದು ಬಹಳ ಕಷ್ಟದ ಕೆಲಸ. ನೋಡಿದೊಡನೆ ನಗುತ್ತಾನೆ, ಹೊಸಿಲು ದಾಟುವ ಮೊದಲೇ ಮುರಬ್ಬದ ಜಾಡಿ ಎಲ್ಲಿದೆ ಎಂದು ಕೇಳುತ್ತಾನೆ. ಒಗರು ಬಿಹಿ ಹಣ್ಣನ್ನು ಪಾಕದಲ್ಲಿ ಬೇಯಿಸಿ ನಾನು ಮಾಡುವ ಮುರಬ್ಬವನ್ನು ಇವರು ಒಂದು ದಿನವೂ ಹೊಗಳಿದವರಲ್ಲ. ಅವನು ಬೆರಳು ಚೀಪಿಕೊಂಡು ಹೊಗಳುತ್ತಿದ್ದ. ಅದಕ್ಕೂ ನನಗೆ ಸಿಟ್ಟು.

"ಅಕ್ಕಾ, ಇವತ್ತು ತಿನ್ನೋಕೆ ಬಂದಿಲ್ಲ, ಕೇಳೋಕೆ ಬಂದೆ" ಎಂದು ಕುಳಿತ. ಆಮೇಲೆ ಇವರ ಮುಂದೆ ಅಂಗೈಯಷ್ಟು ಅಗಲದ ಒಂದು ಪುಸ್ತಕ ಇಟ್ಟ. "ಖ್ವಾಜಾ, ದೊರೆಗಳು ಇದನ್ನ ಮಂಗಳವಾರದ ಸಭೇಲಿ ಓದಿಸಬೇಕು ಅಂದಿದಾರೆ. ನೀವೇ ಓದಬೇಕು. ಬೇರೆಯವರ ಬಾಯಿಗೆ ಇದನ್ನ ಕೊಡೋಕೆ ನನಗೆ ಮನಸ್ಸಿಲ್ಲ."

ಇವರ ಮುಖ ಸುಣ್ಣ ಬಳಿದಂತಾಯಿತು. "ನೀನೂ ಬರೆದ್ಯಾ?" ಎಂದರು.

"ಏನೋ ನಾಲ್ಕು ಹಾಳೆ. ನಿಮ್ಮ ಪುಸ್ತಕದ ಮುಂದೆ ಇದೇನು ಬಿಡಿ."

"ನನ್ನ ಪುಸ್ತಕ ನೀನು ಓದಿದ್ದು ಯಾವಾಗ?"

"ನೀವು ಬರೀತಿದ್ದಾಗ ಮಸಿ ಅರೀತಿದ್ದವನು ಯಾರು ಖ್ವಾಜಾ? ಆನೆ ಅಧ್ಯಾಯ ನನಗೆ ಈಗಲೂ ಬಾಯಿಪಾಠ."

ಆನೆಯ ಮಾತು ಬಂದಾಗ ನಾನು ಅವನ ಮುಖವನ್ನೇ ನೋಡಿದೆ. ಅಣಕ ಇರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ನಮ್ಮವರು ಪುಸ್ತಕ ತೆರೆದರು, ಒಂದೆರಡು ಹಾಳೆ ಮಗುಚಿದರು. "ಒಂದು ಚುಕ್ಕಿಯೂ ಇಲ್ಲವಲ್ಲೋ" ಎಂದರು.

"ನಿಮ್ಮ ಕೈಗೆ ಬರೋ ಪುಸ್ತಕಕ್ಕೆ ಚುಕ್ಕಿ ಇಡೋದಾ? ಅಷ್ಟು ಮರ್ಯಾದೆ ಗೊತ್ತಿಲ್ಲದವನಾ ನಾನು?" ಎಂದು ನಕ್ಕು, ಕೊನೆಗೂ ಮುರಬ್ಬ ತಿಂದೇ ಎದ್ದುಹೋದ.

ಅವನು ಬೀದಿಯ ತಿರುವು ದಾಟುವವರೆಗೂ ಇವರು ಬಾಗಿಲಲ್ಲೇ ನಿಂತು ನೋಡಿದರು. ಆಮೇಲೆ, "ಬಾನು, ಬಾ ಇಲ್ಲಿ, ಕೂತ್ಕೋ. ಇದರಲ್ಲಿ ಎಲ್ಲೆಲ್ಲಿ ಕದ್ದಿದಾನೆ ನೋಡೋಣ" ಎಂದರು.

ನನ್ನ ತಂದೆಯೂ ಲಿಪಿಕಾರರೇ, ನನಗೆ ಚುಕ್ಕಿ ಇಲ್ಲದ ಬರಹ ಸಲೀಸು. ಇಬ್ಬರೂ ಅಂಗಳದ ದಾಳಿಂಬೆ ಗಿಡದ ಕೆಳಗೆ ಕುಳಿತು ಇಡೀ ಮಧ್ಯಾಹ್ನ ಓದಿದೆವು. ಕದ್ದ ಒಂದು ಸಾಲೂ ಸಿಗಲಿಲ್ಲ. ಆನೆ ಇರಲಿಲ್ಲ, ರಾಯಭಾರಿ ಇರಲಿಲ್ಲ, ಹಿಂದಿನ ಚಕ್ರವರ್ತಿಗಳು ಏನು ಮಾಡಿದರು ಎಂಬ ಉದ್ದುದ್ದ ಕಥೆಗಳಿರಲಿಲ್ಲ. ಒಂದು ಕಡೆ ಹೀಗಿತ್ತು: 'ದೊರೆ ತಾನು ಕುಡಿಯುವ ನೀರು ಯಾರ ಸರದಿಯದು ಎಂದು ವರ್ಷಕ್ಕೊಮ್ಮೆಯಾದರೂ ಕೇಳಬೇಕು.' ನಾನು ಅದನ್ನು ಎರಡನೆಯ ಸಲ ಓದಲಿಲ್ಲ. ಆದರೂ ರಾತ್ರಿ ಅಡುಗೆ ಮಾಡುವಾಗ ಅದು ನಾಲಿಗೆಯ ಮೇಲೇ ಕುಳಿತಿತ್ತು. ಇವರ ಪುಸ್ತಕದ ಯಾವ ಸಾಲೂ ನನಗೆ ಹಾಗೆ ಅಂಟಿಕೊಂಡಿರಲಿಲ್ಲ. ಗಂಡನಿಗೆ ಇದನ್ನು ಹೇಳಲಾದೀತೇ? ಸಿಟ್ಟಿಗೆ ಸಾರಿಗೆ ಉಪ್ಪು ಜಾಸ್ತಿ ಹಾಕಿದೆ.

ಕೊನೆಯ ಹಾಳೆಗೆ ಬಂದಾಗ ಇವರು ತಮ್ಮ ಸಭೆಯ ಕಂಠದಲ್ಲೇ ಗಟ್ಟಿಯಾಗಿ ಓದಿದರು: 'ಒಂದು ಊರು ತನ್ನ ಅಧಿಕಾರಿಯ ಮೇಲೆ ದೂರು ತಂದಾಗ, ಅವನು ದೊರೆಯ ರಕ್ತವೇ ಆಗಿದ್ದರೂ, ದೊರೆ ಅವನಿಗೆ ಮೊದಲು ಕೊಡಬೇಕಾದದ್ದು ಅದ್ಲ್.'

ಅದ್ಲ್ ಎಂದರೆ ನ್ಯಾಯ. ಒಳ್ಳೆಯ ಮಾತು, ಸಭೆಯಲ್ಲಿ ಎಲ್ಲರೂ ತಲೆದೂಗುವ ಮಾತು. ನಾನು ಬಗ್ಗಿ ಆ ಪದವನ್ನು ನೋಡಿದೆ. ಬುಂದಾರ್‌ನದು ಓಡುವ ಕೈ, ಆ ಪದದ ನಡುವಿನ ಅಕ್ಷರ ಸ್ವಲ್ಪ ಬಾಗಿತ್ತು. ಹಾಗೆ ಬಾಗಿದ ಅಕ್ಷರದ ತಲೆಯ ಮೇಲೆ ಒಂದು ಚುಕ್ಕಿ ಇಟ್ಟರೆ ಅದ್ಲ್ ಹೋಗಿ ಅಜ್ಲ್ ಆಗುತ್ತದೆ. ಅಜ್ಲ್ ಎಂದರೆ ವಜಾ, ಕೆಲಸದಿಂದ ಕಿತ್ತುಹಾಕುವುದು.

"ಏನ್ರೀ, ಇದನ್ನ ಅಜ್ಲ್ ಅಂತಲೂ ಓದಬಹುದಲ್ಲ?" ಎಂದೆ, ತಮಾಷೆಗೆ. "ಮೊದಲು ಕೊಡಬೇಕಾದದ್ದು ವಜಾ! ಅಮೀರ್ ಯಗಾನ್ ಕೂತಿರ್ತಾನೆ ಸಭೇಲಿ. ಅವನ ಮುಂದೆ ಹಾಗೆ ಓದಿದ್ರೆ ಬರೆದವನ ಚರ್ಮ ಸುಲಿದು ತಮಟೆ ಮಾಡ್ತಾನೆ."

"ಬಾಯಿ ಮುಚ್ಚೇ" ಎಂದರು ಇವರು. ಗದರಿದ ದನಿಯಲ್ಲಿ ಗದರಿಕೆ ಇರಲಿಲ್ಲ. ಪುಸ್ತಕ ಮುಚ್ಚಿ, ಮತ್ತೆ ಅದೇ ಹಾಳೆ ತೆರೆದು, ಮತ್ತೆ ಮುಚ್ಚಿದರು.

ಅಮೀರ್ ಯಗಾನ್ ಯಾರೆಂದು ಹೇಳಿಬಿಡುತ್ತೇನೆ. ಅತಾಬೇಗರ ಸೋದರಮಾವ, ರಾಜಮಾತೆ ಖಾತೂನರ ಒಡಹುಟ್ಟಿದ ತಮ್ಮ. ಮಜ್ದಾಬಾದ್ ಸೀಮೆ ಅವನ ಕೈಯಲ್ಲಿತ್ತು. ನಮ್ಮ ಕಡೆ ನೀರು ಬೆಟ್ಟದ ಬುಡದಿಂದ ನೆಲದೊಳಗಿನ ಕಾಲುವೆಯಲ್ಲಿ ಬರುತ್ತದೆ, ಅದನ್ನು ಸರದಿಯಂತೆ ಹಂಚಿಕೊಳ್ಳುತ್ತೇವೆ. ಸರದಿ ಅಳೆಯುವುದು ತಾಮ್ರದ ಬಟ್ಟಲಿನಲ್ಲಿ. ತಳಕ್ಕೆ ಸಣ್ಣ ತೂತು ಕೊರೆದು ನೀರಿನ ಮೇಲೆ ತೇಲಿಬಿಟ್ಟರೆ ಬಟ್ಟಲು ತುಂಬಿ ಮುಳುಗುವವರೆಗೆ ಒಬ್ಬನ ಪಾಳಿ. ಅಮೀರನ ತೋಟದ ಪಾಳಿಗೆ ಒಂದು ಬಟ್ಟಲು, ಊರವರ ಪಾಳಿಗೆ ಇನ್ನೊಂದು ಬಟ್ಟಲು ಇಡುತ್ತಾರೆ, ಎರಡರ ತೂತು ಒಂದೇ ಅಲ್ಲ ಎಂದು ಮಜ್ದಾಬಾದಿನವರು ಮೂರನೆಯ ಸಲ ದೂರು ಹೊತ್ತು ಬಂದು ಅರಮನೆಯ ಹೊರಗೆ ಕುಳಿತಿದ್ದರು. ಮೊದಲ ಎರಡು ಸಲವೂ ಅವರಿಗೆ ಸಾಕ್ಷಿ ಸಿಕ್ಕಿರಲಿಲ್ಲ. ಇದು ಊರಿಗೆಲ್ಲ ಗೊತ್ತು. ಬುಂದಾರ್‌ಗೂ ಗೊತ್ತು.

ಮಂಗಳವಾರ ಬಂತು. ನಾನು ಖಾತೂನರಿಗೆ ಆಗಾಗ ಕಥೆ ಓದಿ ಹೇಳುವವಳಾದ್ದರಿಂದ ಪರದೆಯ ಹಿಂದೆ ಅವರ ಕಾಲ ಬಳಿ ನನಗೊಂದು ಜಾಗ ಇರುತ್ತಿತ್ತು. ಪರದೆಯ ಸಂದಿಯಿಂದ ಇಡೀ ಸಭೆ ಕಾಣುತ್ತದೆ. ಗಂಜಿ ಹಾಕಿದ ರುಮಾಲು ಕಟ್ಟಿಕೊಂಡು ನಮ್ಮವರು ಕಂಬದ ಪಕ್ಕ ನಿಂತಿದ್ದರು. ಬುಂದಾರ್ ಮೂಲೆಯಲ್ಲಿ ಮಂಡಿಯೂರಿ ಕುಳಿತಿದ್ದ. ಅಮೀರ್ ಯಗಾನ್ ದೊರೆಯ ಬಲಕ್ಕೆ, ಅಧಿಕಾರದ ಗುರುತಾದ ಬೆಳ್ಳಿಯ ಪಟ್ಟಿಯ ನಡುಕಟ್ಟು ಸಡಿಲಿಸಿ, ಹೊಟ್ಟೆ ಸವರಿಕೊಳ್ಳುತ್ತಾ ಕುಳಿತಿದ್ದ.

ಇವರು ಓದಲು ತೊಡಗಿದರು. ನಾನೇನು ಹೇಳಲಿ! ಕೆಟ್ಟದಾಗಿ ಓದಿ ಪುಸ್ತಕ ಕೆಡಿಸುತ್ತಾರೆ ಎಂದುಕೊಂಡಿದ್ದೆ. ಕೆಡಿಸಲು ಇವರ ಕಂಠವೇ ಬಿಡಲಿಲ್ಲ. ಒಂದೊಂದು ಸಾಲೂ ಗಂಟೆ ಬಾರಿಸಿದ ಹಾಗೆ ಕೇಳಿತು. ತಮ್ಮದಲ್ಲದ ಮಾತನ್ನು ಅಷ್ಟು ಚೆನ್ನಾಗಿ ಓದುತ್ತಿದ್ದೇನಲ್ಲ ಎಂಬ ಸಂಕಟ ಇವರ ಕುತ್ತಿಗೆಯ ನರದಲ್ಲಿ ಕಾಣುತ್ತಿತ್ತು. ನೀರಿನ ಸಾಲು ಬಂದಾಗ ಅತಾಬೇಗರು ಮುಂದಕ್ಕೆ ಬಾಗಿ, "ಇನ್ನೊಂದ್ಸಲ ಓದು" ಎಂದರು. ಇವರು ಇನ್ನೊಂದು ಸಲ ಓದಿದರು. ಸಭೆ ವಾಹ್ ವಾಹ್ ಎಂದಿತು. ಎಲ್ಲರ ಕಣ್ಣು ಮೂಲೆಯಲ್ಲಿ ಕುಳಿತವನ ಕಡೆಗೆ ಹೋಯಿತು, ಓದಿದವರ ಕಡೆಗೆ ಒಂದೂ ಬರಲಿಲ್ಲ. ಗಾದಿ ಹೋಯಿತು ಎಂದು ನನಗೆ ಆಗಲೇ ಅನ್ನಿಸಿತು. ಇವರಿಗೂ ಅನ್ನಿಸಿರಬೇಕು.

ಕೊನೆಯ ಹಾಳೆ ಬಂತು. 'ಒಂದು ಊರು ತನ್ನ ಅಧಿಕಾರಿಯ ಮೇಲೆ ದೂರು ತಂದಾಗ' ಎಂದು ಶುರು ಮಾಡಿದವರು 'ದೊರೆಯ ರಕ್ತವೇ ಆಗಿದ್ದರೂ' ಎಂಬಲ್ಲಿ ಉಸಿರು ತೆಗೆದುಕೊಂಡರು. ಮನೆಯಲ್ಲಿ ಓದಿದಾಗ ಅಲ್ಲಿ ಉಸಿರು ತೆಗೆದುಕೊಂಡಿರಲಿಲ್ಲ.

"ದೊರೆ ಅವನಿಗೆ ಮೊದಲು ಕೊಡಬೇಕಾದದ್ದು ಅಜ್ಲ್."

ಖಾತೂನರ ಕೈ ಪಿಸ್ತಾದ ತಟ್ಟೆಯಲ್ಲೇ ನಿಂತಿತು. ನಮ್ಮವರು ಪುಸ್ತಕದಿಂದ ತಲೆ ಎತ್ತಲಿಲ್ಲ.

ಅಮೀರ್ ಯಗಾನ್ ಎದ್ದು ನಿಂತ. "ಯಾವನೋ ಅದನ್ನ ಬರೆದೋನು? ನೇಕಾರನ ಮಗನಾ? ದೂರು ಬಂದ ತಕ್ಷಣ ನಮ್ಮನ್ನ ಕಿತ್ತೆಸೀಬೇಕಾ? ಇವನ ನಾಲಿಗೆ ಮೊದಲು ಕಿತ್ತೆಸೀತೀನಿ ನಾನು!"

"ಮಾವ, ಕೂತ್ಕೋ" ಎಂದರು ಅತಾಬೇಗರು.

ನಮ್ಮ ಖಾಜಿಗಳು ಬಹಳ ವಯಸ್ಸಾದವರು, ಜಗಳ ಕಂಡರಾಗದು. ಮೆಲ್ಲನೆ ಎದ್ದು ಬಂದು, ಇವರ ಕೈಯಿಂದ ಪುಸ್ತಕ ತೆಗೆದುಕೊಂಡು, ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು. "ಒಡೆಯಾ, ಇಲ್ಲಿ ಚುಕ್ಕಿ ಇಲ್ಲ. ಅದ್ಲ್ ಅಂತ ಓದಿದ್ರೂ ಸರಿ, ಅಜ್ಲ್ ಅಂತ ಓದಿದ್ರೂ ಸರಿ. ಸದೀದ್ ಖ್ವಾಜಾ ಎಡವಿರಬಹುದು. ಬರೆದವನೇ ಹೇಳಲಿ, ಏನು ಬರೆದೆ ಅಂತ."

ಇಷ್ಟು ಸುಲಭದ ಬಾಗಿಲು ಯಾರಿಗೂ ತೆರೆದಿರಲಾರದು. ಬುಂದಾರ್ 'ಅದ್ಲ್' ಎಂದರೆ ಸಾಕು. ಅವನ ತಲೆ ಉಳಿಯುತ್ತದೆ, ಗಾದಿ ಸಿಗುತ್ತದೆ, ನಮ್ಮವರು ತುಂಬಿದ ಸಭೆಯಲ್ಲಿ ಓದಲು ಬಾರದ ಓದುಗನಾಗುತ್ತಾರೆ. ಇವರ ಕಂಠವೊಂದೇ ಇವರ ಆಸ್ತಿ, ಅದೂ ಆ ದಿನ ಹೋಗುತ್ತಿತ್ತು. ನಾನು ಪರದೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದೆ.

ಬುಂದಾರ್ ಎದ್ದ. ಮೊದಲು ನಮ್ಮವರನ್ನು ನೋಡಿದ. ಬಹಳ ಹೊತ್ತೇನೂ ಅಲ್ಲ. ನೋಡಿ, ಅವನಿಗೆ ಎಲ್ಲ ಅರ್ಥವಾಯಿತು ಎಂದು ನನಗೆ ಅರ್ಥವಾಯಿತು.

"ಅಜ್ಲ್, ಒಡೆಯಾ" ಎಂದ. "ಖ್ವಾಜಾ ಓದಿದ್ದೇ ಸರಿ. ಗಾದಿ ಮೇಲೆ ಕೂತವನ ಎದುರಿಗೆ ಯಾವ ಸಾಕ್ಷಿ ಬಾಯಿ ಬಿಡುತ್ತೆ? ಮೊದಲು ಇಳಿಸಬೇಕು, ಆಮೇಲೆ ಕೇಳಬೇಕು. ತಪ್ಪಿಲ್ಲ ಅಂದ್ರೆ ಮತ್ತೆ ಕೂರಿಸೋಕೆ ದೊರೆಗೆ ಎಷ್ಟು ಹೊತ್ತು? ನನಗೆ ಚುಕ್ಕಿ ಇಡೋ ಧೈರ್ಯ ಸಾಲಲಿಲ್ಲ. ಅವರಿಗೆ ಓದೋ ಧೈರ್ಯ ಇತ್ತು."

ಅಮೀರನ ಕೈ ಸೊಂಟದ ಕಠಾರಿಗೆ ಹೋಯಿತು. ಅತಾಬೇಗರು ಮಾತ್ರ ಮೀಸೆಯೂ ಸರಿಯಾಗಿ ಮೂಡದ ತಮ್ಮ ತುಟಿಯ ಮೇಲೆ ಬೆರಳಾಡಿಸುತ್ತಾ ಒಂದು ಗಳಿಗೆ ಕುಳಿತರು. ಆಮೇಲೆ, "ಹೊರಗೆ ಮಜ್ದಾಬಾದಿನವರು ಕೂತಿದಾರಲ್ಲ, ಕರೀರಿ. ಮಾವ, ನೀನು ನಡುಕಟ್ಟು ಬಿಚ್ಚಿ ಇಲ್ಲಿಡು. ಪುಸ್ತಕ ನಿಜವೋ ಸುಳ್ಳೋ ನೋಡೇಬಿಡೋಣ" ಎಂದರು.

"ನನ್ನನ್ನಾ?" ಎಂದ ಅಮೀರ. ಪರದೆಯ ಕಡೆ ತಿರುಗಿ, "ಅಕ್ಕಾ, ಕೇಳಿಸ್ತಾ ನಿನ್ನ ಮಗನ ಮಾತು?" ಎಂದ.

ಖಾತೂನರು ಪಿಸ್ತಾದ ಸಿಪ್ಪೆ ತೆಗೆದು ಬಾಯಿಗೆ ಹಾಕಿಕೊಂಡರು. "ಕೇಳಿಸ್ತಪ್ಪಾ. ಬಿಚ್ಚು" ಎಂದರು. ಆ ತಮ್ಮನನ್ನು ಹೊತ್ತು ಅವರಿಗೂ ಸಾಕಾಗಿತ್ತು ಎಂದು ನನಗೆ ಆಗ ತಿಳಿಯಿತು.

ಬೆಳ್ಳಿ ಪಟ್ಟಿಯ ನಡುಕಟ್ಟು ನೆಲದ ಮೇಲೆ ಬಿತ್ತು. ಅದು ಬಿದ್ದ ಸದ್ದು ಇನ್ನೂ ಕಿವಿಯಲ್ಲಿದ್ದಾಗಲೇ ಊರವರ ಹಿಂದೆ ನಿಂತಿದ್ದ ಒಬ್ಬ ಮುದುಕ ಮುಂದೆ ಬಂದ. ಅಮೀರನದೇ ನೀರಗಂಟಿ. ಎರಡು ಸಲವೂ ನನಗೇನೂ ಗೊತ್ತಿಲ್ಲ ಎಂದು ಹೇಳಿ ಹೋದವನು. ಅವನು ನಡುಕಟ್ಟನ್ನು ನೋಡಿದ, ಅಮೀರನ ಬರಿಯ ಸೊಂಟವನ್ನು ನೋಡಿದ. "ಒಡೆಯಾ, ತೂತು ಕೊರೆದದ್ದು ನಾನೇ. ಅವರ ಬಟ್ಟಲಿಗೆ ಸೂಜೀಲಿ ಕೊರೆದೆ, ಊರ ಬಟ್ಟಲಿಗೆ ಮೊಳೇಲಿ ಕೊರೆದೆ" ಎಂದ.

ಅವನು ಜೋಳಿಗೆಯಿಂದ ತೆಗೆದುಕೊಟ್ಟ ಎರಡು ಬಟ್ಟಲನ್ನೂ ಅಂಗಳದ ಕೊಳದಲ್ಲಿ ತೇಲಿಬಿಟ್ಟರು. ಊರಿನದು ಗುಳುಂ ಎಂದು ಮುಳುಗಿತು. ಅಮೀರನದು ಬಾತುಕೋಳಿಯ ಹಾಗೆ ಸುತ್ತಾಡುತ್ತಲೇ ಇತ್ತು. ಅದು ಮುಳುಗುವುದನ್ನು ಕಾಯುತ್ತಾ ಜನ ಮೊದಲು ನಕ್ಕರು, ಆಮೇಲೆ ನಗು ನಿಂತಿತು. ಮಜ್ದಾಬಾದಿನ ಹೆಂಗಸೊಬ್ಬಳು ಅಳತೊಡಗಿದಳು. ಎಷ್ಟು ನೀರು ಹೋಯಿತೆಂದು ಅವಳಿಗಲ್ಲವೇ ಗೊತ್ತು.

ಆ ಸಂಜೆಯೊಳಗೆ ಎಲ್ಲ ತೀರ್ಮಾನವಾಯಿತು. ಮಜ್ದಾಬಾದ್ ಸೀಮೆಗೆ ಬುಂದಾರ್ ಅಧಿಕಾರಿ. ಫಿರ್ಯಾದಿ ಕಚೇರಿಯ ಗಾದಿ ನಮ್ಮವರಿಗೆ. "ಮಾವನ ಮುಖದ ಎದುರಿಗೇ ಆ ಪದ ಓದಿದ ಗಂಡಸು ನೀನು. ದೂರು ಕೇಳೋಕೆ ಅಂಥ ಎದೆಯೇ ಬೇಕು" ಎಂದು ಅತಾಬೇಗರು ತಮ್ಮ ಹೆಗಲ ಮೇಲಿನ ನಿಲುವಂಗಿ ತೆಗೆದು ಇವರಿಗೆ ಹೊದಿಸಿದರು. ಊರೆಲ್ಲ ನಮ್ಮ ಮನೆಗೆ ಬಂದಿತು. ಧೈರ್ಯಶಾಲಿ ಎಂದಿತು, ಸಿಂಹ ಎಂದಿತು. ಒಂದೊಂದು ಹೊಗಳಿಕೆಗೂ ಇವರು ಮುಳ್ಳು ಚುಚ್ಚಿದಂತೆ ಮುಖ ಹಿಂಡುತ್ತಿದ್ದರು. ವಿನಯ ನೋಡು, ಎಂದರು ಜನ.

ಎಲ್ಲರೂ ಹೋದ ಮೇಲೆ ನಿಲುವಂಗಿ ಕಳಚಿ ಗೂಟಕ್ಕೂ ಹಾಕದೆ ನೆಲಕ್ಕೆ ಬಿಟ್ಟರು. ನಾನು ಎತ್ತಿ ಮಡಿಚಿದೆ. "ಬೇಕಾಗಿದ್ದು ಸಿಕ್ತಲ್ಲ, ಇನ್ನೇನು ಮುಖ ಊದಿಸ್ಕೊಂಡಿದೀರಿ?" ಎಂದೆ.

"ಯಾಕೆ ಓದಿದೆ ಅಂತ ನೀನು ಕೇಳಲೇ ಇಲ್ಲ."

"ಕೇಳೋದೇನಿದೆ? ನಾನೇನು ಕುರುಡಿಯಾ?"

"ಅವನೂ ಕುರುಡ ಅಲ್ಲ ಕಣೇ. ಅವನಿಗೂ ಗೊತ್ತಾಯ್ತು. ಗೊತ್ತಾಗಿ..." ರುಮಾಲು ಬಿಚ್ಚಿ ಪಕ್ಕಕ್ಕೆ ಎಸೆದರು. "ನನ್ನನ್ನ ಅಲ್ಲೇ ಮುಗಿಸಬಹುದಿತ್ತು. ಮುಗಿಸಿದ್ರೆ ನೆಮ್ಮದಿಯಾಗಿ ಅವನನ್ನ ಬಯ್ಕೊಂಡು ಇರ್ತಿದ್ದೆ. ಈಗ ಅದಕ್ಕೂ ದಾರಿ ಇಲ್ಲದ ಹಾಗೆ ಮಾಡಿದ" ಎಂದರು.

ನನಗೂ ಅದೇ ಉರಿ. ಒಳ್ಳೆಯತನದಲ್ಲೂ ಒಬ್ಬ ಮನುಷ್ಯ ಇನ್ನೊಬ್ಬನಿಗಿಂತ ಮುಂದೆ ಹೋಗಿಬಿಟ್ಟರೆ ಹಿಂದೆ ಉಳಿದವನು ಏನು ಮಾಡಬೇಕು? ಯಾವ ಹಿತವಚನದ ಪುಸ್ತಕದಲ್ಲೂ ಅದನ್ನು ಬರೆದಿಲ್ಲ.

ಬುಂದಾರ್ ಮಜ್ದಾಬಾದಿಗೆ ಹೊರಡುವ ದಿನ ಬೆಳಿಗ್ಗೆ ಬಂದ. ಹೇಸರಗತ್ತೆಯನ್ನು ಬಾಗಿಲಲ್ಲಿ ಕಟ್ಟಿ, "ಅಕ್ಕಾ, ಅಲ್ಲಿ ಬಿಹಿ ಗಿಡವೇ ಇಲ್ಲವಂತೆ" ಎಂದು ಮುಖ ಸಣ್ಣಗೆ ಮಾಡಿದ. ನಾನು ದೊಡ್ಡ ಜಾಡಿಯನ್ನೇ ಕೊಟ್ಟೆ. ಕೊಡಬಾರದೆಂದುಕೊಂಡೇ ಕೊಟ್ಟೆ.

ನಮ್ಮವರು ಅವನನ್ನು ಕಳಿಸಲು ಹೊಸಿಲವರೆಗೆ ಬಂದರು. ಅಲ್ಲಿ ತಡೆಯಲಾರದೆ ಕೇಳಿಯೇಬಿಟ್ಟರು. "ನಿಜ ಹೇಳೋ. ನೀನು ಬರೆದದ್ದು ಏನು? ಅದ್ಲಾ, ಅಜ್ಲಾ?"

ಬುಂದಾರ್ ಹೇಸರಗತ್ತೆಯ ಬೆನ್ನಿನ ಹಗ್ಗ ಬಿಗಿಯುತ್ತಿದ್ದ. "ನಿಮ್ಮಂಥವರು ಓದ್ತಾರೆ ಅಂತ ತಾನೇ ಖ್ವಾಜಾ, ಚುಕ್ಕಿ ಬಿಟ್ಟದ್ದು?" ಎಂದ. ನಗುತ್ತಲೇ ಹೇಳಿದ. ಜಾಡಿ ಒಡೆಯದಂತೆ ಹುಲ್ಲಿನಲ್ಲಿ ಸುತ್ತಿಟ್ಟುಕೊಂಡು ಹೋದ. ಅದೇ ಉತ್ತರ. ಇನ್ನೊಂದು ಸಿಗಲಿಲ್ಲ.

ಫಿರ್ಯಾದಿ ಗಾದಿಯ ಮೇಲೆ ಕುಳಿತ ಇವರಿಗೆ ಬಂದ ಮೊದಲ ಅಪ್ಪಣೆ ಏನು ಗೊತ್ತೇ? ಬುಂದಾರ್‌ನ ಪುಸ್ತಕದ ಪ್ರತಿ ಒಂದೊಂದು ಸೀಮೆಗೂ ಹೋಗಬೇಕು, ಅಲ್ಲಿನ ಸಾಧಾರಣ ಜನಕ್ಕೂ ಓದಲು ಬರುವಂತೆ ಪೂರ್ತಿ ಚುಕ್ಕಿ ಇಟ್ಟು ಹೋಗಬೇಕು, ಮೂಲಪ್ರತಿಯನ್ನು ಸದೀದ್ ಖ್ವಾಜಾ ಸ್ವಂತ ಕೈಯಿಂದ ಬರೆಯಬೇಕು. ಚುಕ್ಕಿ ಇಟ್ಟು ಕೆಟ್ಟವರಿಗೆ ಚುಕ್ಕಿ ಇಡುವ ಕೆಲಸ! ಇವರ ಪುಸ್ತಕ ಖಜಾನೆಯ ಪೆಟ್ಟಿಗೆಯಲ್ಲೇ ಇತ್ತು. ಕೇಳಿದರೆ, ಬೀಗದ ಕೈ ಎಲ್ಲಿದೆಯೋ ನೋಡಬೇಕು ಅಂದರಂತೆ.

ದಾಳಿಂಬೆ ಗಿಡದ ಕೆಳಗೇ ಕುಳಿತು ಬರೆದರು. ದಿನವೂ ನಾನು ಮಸಿ ಅರೆದುಕೊಟ್ಟೆ. ಒಂದೊಂದು ಹಾಳೆಗೂ ಹಲ್ಲು ಕಡಿದರು. ಕೆಲವೊಮ್ಮೆ ಒಂದು ಸಾಲು ಬರೆದು, "ಅಯೋಗ್ಯ, ಎಷ್ಟು ಚೆನ್ನಾಗಿ ಹೇಳಿದಾನೆ ನೋಡು" ಎಂದು ಲೇಖನಿ ಎಸೆದು ಎದ್ದುಹೋಗಿ, ಮುಖ ತೊಳೆದು ಬಂದು ಮತ್ತೆ ಕೂರುತ್ತಿದ್ದರು.

ಕೊನೆಯ ಹಾಳೆಯ ದಿನ ನಾನು ಪಕ್ಕದಲ್ಲೇ ಕುಳಿತಿದ್ದೆ. ಆ ಪದದ ಮೈ ಬರೆದು ಇವರ ಕೈ ನಿಂತಿತು. ಚುಕ್ಕಿ ಇನ್ನೂ ಇಟ್ಟಿರಲಿಲ್ಲ.

"ಏನ್ರೀ" ಎಂದೆ ಮೆಲ್ಲಗೆ. "ಇಡಬೇಡಿ. ಬಾಗಿದ್ದನ್ನ ಸ್ವಲ್ಪ ತಿದ್ದಿ ಅದ್ಲ್ ಮಾಡಿಬಿಡಿ. ಯಾರಿಗೆ ಗೊತ್ತಾಗುತ್ತೆ? ದೊರೆಗೆ ಓದೋಕೆ ಬರಲ್ಲ, ಖಾಜಿಗೆ ಕಣ್ಣಿಲ್ಲ. ಸಭೇಲಿ ಆದದ್ದು ನಾಲ್ಕು ವರ್ಷಕ್ಕೆ ಮರೆತುಹೋಗುತ್ತೆ. ಪುಸ್ತಕದಲ್ಲಿ ಇನ್ನೊಂದು ಸಪ್ಪೆ ಸಾಲು ಉಳೀತದೆ. ಅವನ ಹೆಸರೂ ಅಷ್ಟಕ್ಕಷ್ಟೇ ಆಗುತ್ತೆ."

ಇವರು ನನ್ನನ್ನು ನೋಡಿದರು. ಸಿಟ್ಟು ಬರಲಿಲ್ಲ ಇವರಿಗೆ. ನನಗೂ ಉತ್ತರ ಮೊದಲೇ ಗೊತ್ತಿತ್ತೇನೋ. ಲೇಖನಿಯನ್ನು ಮಸಿಯಲ್ಲಿ ಚೆನ್ನಾಗಿ ಅದ್ದಿ, ಆ ಅಕ್ಷರದ ತಲೆಯ ಮೇಲೆ ಒತ್ತಿ ಹಿಡಿದರು. ಲೇಖನಿಯ ಮೊನೆ ಚಟ್ಟನೆ ಸೀಳಿತು. ಆದರೂ ಎತ್ತಲಿಲ್ಲ. ಮಸಿ ಹರಡಿ, ಪಕ್ಕದ ಚುಕ್ಕಿಗಳೆಲ್ಲ ಎಳ್ಳಿನಷ್ಟಿದ್ದರೆ ಅದೊಂದು ಕಡಲೆಕಾಳಿನಷ್ಟಾಯಿತು.

"ಅಯ್ಯೋ, ಅಷ್ಟು ದೊಡ್ಡದಾ?" ಎಂದೆ. "ಹಾಳೆ ಎಲ್ಲ ಕೆಡ್ತು. ಅಳಿಸಿ ಮತ್ತೆ ಬರೀರಿ."

"ಮುಟ್ಟಬೇಡ" ಎಂದರು. ಮಸಿ ಆರುವವರೆಗೂ ಎರಡು ಅಂಗೈಯನ್ನೂ ಗಾಳಿಗೆ ಅಡ್ಡ ಹಿಡಿದು ಕುಳಿತಿದ್ದರು. "ಇಡೀ ಪುಸ್ತಕ ಅವನದು. ಇದೊಂದು ನಂದು."

ಆ ಪ್ರತಿಯನ್ನು ನೋಡಿ ಉಳಿದ ಲಿಪಿಕಾರರು ಬರೆದರು. ಚುಕ್ಕಿ ಅಷ್ಟು ದೊಡ್ಡದೇಕೆ ಎಂದು ಕೇಳಲು ಯಾರಿಗೂ ಧೈರ್ಯವಾಗದೆ ಅದನ್ನೂ ಹಾಗೆಯೇ ನಕಲು ಮಾಡಿದರು. ಈಗ ನಮ್ಮ ಸೀಮೆಯಲ್ಲಿ ಆ ಪುಸ್ತಕವನ್ನು ಯಾರ ಮನೆಯಲ್ಲಿ ತೆರೆದರೂ ಕೊನೆಯ ಹಾಳೆಯಲ್ಲಿ ಕಡಲೆಕಾಳಿನಷ್ಟು ಚುಕ್ಕಿ ಇರುತ್ತದೆ. ಎಲ್ಲರೂ ಅದನ್ನು ಬುಂದಾರ್‌ನ ಚುಕ್ಕಿ ಎನ್ನುತ್ತಾರೆ.